ಬೊಕ್ಕಸದ ಬೀಗದಕೈಗಳು

ಸರ್ಕಾರದ ಹಣಕ್ಕೂ ಗೃಹಸ್ಥರ ಮನೆಗೂ ಇರುವ ಸಂಬಂಧವು ಮೇಲುನೋಟಕ್ಕೆ ಕಾಣಿಸದಿದ್ದರೂ ಬಹು ನಿಕಟವಾದುದು. ತಂದೆಯ ನಿವೃತ್ತಿವೇತನ, ಮಗಳ ವಿದ್ಯಾರ್ಥಿವೇತನ, ರಸ್ತೆಗೆ ಹೋದ ಹೊಲದ ಪರಿಹಾರ, ಗುತ್ತಿಗೆಗಾಗಿ ಕಟ್ಟಿದ ಠೇವಣಿಯ ವಾಪಸು, ಇವುಗಳಲ್ಲಿ ಯಾವುದಾದರೊಂದಕ್ಕಾಗಿ ಸರ್ಕಾರದ ಕಡೆಗೆ ಕಣ್ಣಿಟ್ಟು ಕಾಯದ ಕುಟುಂಬವು ವಿರಳ. ಹಣವು ತಡವಾದಾಗ "ಒಂದು ರುಜು ಹಾಕುವುದಕ್ಕೆ ಇಷ್ಟು ದಿನವೇ?" ಎಂದು ನಾವೆಲ್ಲರೂ ಬೇಸರಪಡುತ್ತೇವೆ. ಮರುದಿನವೇ ವೃತ್ತಪತ್ರಿಕೆಯಲ್ಲಿ ಯಾವುದೋ ಇಲಾಖೆಯ ಕೋಟಿಗಟ್ಟಲೆ ಹಣವು ಸುಳ್ಳು ಬಿಲ್ಲುಗಳ ಮೇಲೆ ಕರಗಿಹೋಯಿತೆಂದು ಓದಿ, "ಅಷ್ಟು ಹಣ ಹೊರಗೆ ಹೋಗುವಾಗ ನೋಡುವವರು ಯಾರೂ ಇರಲಿಲ್ಲವೇ?" ಎಂದು ಅಚ್ಚರಿಗೊಳ್ಳುತ್ತೇವೆ. ಈ ಎರಡು ಪ್ರಶ್ನೆಗಳೂ ಒಂದೇ ಏರ್ಪಾಡಿಗೆ ಸಂಬಂಧಿಸಿದವು. ಆ ಏರ್ಪಾಡಿನ ಅಂತರಂಗವನ್ನು ಅಲ್ಪಸ್ವಲ್ಪವಾದರೂ ತಿಳಿದವರಿಗೆ, ಯಾವ ತಡವು ನ್ಯಾಯವಾದುದು, ಯಾವ ತಡವು ಕೇವಲ ಆಲಸ್ಯದ್ದು ಎಂಬುದನ್ನು ವಿಂಗಡಿಸಲು ಬರುತ್ತದೆ.

ಮೊದಲು ಹಣದ ಒಡೆತನದ ಮಾತು. ಮನೆಯ ಯಜಮಾನನು ತನ್ನ ಪೆಟ್ಟಿಗೆಯಿಂದ ಹಣ ತೆಗೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. (ಯಜಮಾನಿಯ ಅಪ್ಪಣೆ ಬೇಕೆಂದು ಬಲ್ಲವರು ಹೇಳುವರು; ಆ ವಿಚಾರ ಇಲ್ಲಿ ಬೇಡ.) ಸರ್ಕಾರಕ್ಕೆ ಆ ಸ್ವಾತಂತ್ರ್ಯವಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 266ನೆಯ ಅನುಚ್ಛೇದದಂತೆ ರಾಜ್ಯಕ್ಕೆ ಬರುವ ಕಂದಾಯ, ತೆರಿಗೆ, ಎತ್ತಿದ ಸಾಲ ಇವೆಲ್ಲವೂ ಸಂಚಿತ ನಿಧಿಯೆಂಬ ಒಂದೇ ಬೊಕ್ಕಸವನ್ನು ಸೇರತಕ್ಕವು. ಅದರಿಂದ ಒಂದು ರೂಪಾಯಿಯನ್ನು ತೆಗೆಯಬೇಕಾದರೂ ಕಾನೂನಿನ ಆಧಾರವಿರಬೇಕು. ಇದಕ್ಕಾಗಿಯೇ ವರ್ಷವರ್ಷವೂ ಶಾಸನಸಭೆಯು ಧನವಿನಿಯೋಗದ ಕಾನೂನನ್ನು ಮಾಡುತ್ತದೆ. ಆ ಅಪ್ಪಣೆಯೂ ಸಾರಾಸಗಟಾಗಿ ಕೊಟ್ಟುದಲ್ಲ. ಇಂತಿಂಥ ಬಾಬಿಗೆ ಇಷ್ಟಿಷ್ಟು ಎಂದು ಗೊತ್ತುಮಾಡಿ ಕೊಟ್ಟುದು. ಪ್ರತಿಯೊಂದು ಬಾಬಿಗೂ ಒಂದು ಅಂಕಿಯುಂಟು. ಸಾಮಾನ್ಯ ಶಿಕ್ಷಣಕ್ಕೆ 2202, ನಿವೃತ್ತಿವೇತನಕ್ಕೆ 2071, ಪಶುಸಂಗೋಪನೆಗೆ 2403. ಈ ಕೊನೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುವುದು.

ಬೊಕ್ಕಸವನ್ನು ಒಬ್ಬನೇ ಮನುಷ್ಯನ ವಶದಲ್ಲಿಡಬಾರದೆಂಬ ವಿವೇಕವು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂದಾಯವನ್ನು ಕೂಡಿಸುವ ಸಮಾಹರ್ತನು ಬೇರೆ, ಅದನ್ನು ಕಾಯುವ ಸನ್ನಿಧಾತನು ಬೇರೆ, ಲೆಕ್ಕವಿಡುವ ಅಕ್ಷಪಟಲವೆಂಬ ಕಚೇರಿಯೇ ಬೇರೆ. ಅಧಿಕಾರಿಗಳು ರಾಜನ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನೂ ಆ ಗ್ರಂಥಕಾರನು ಎಣಿಸಿಟ್ಟಿದ್ದಾನೆ. ಓದಿ ನೋಡಿದರೆ ಅವುಗಳಲ್ಲಿ ಬಹುಪಾಲು ಇಂದಿಗೂ ಹಳತಾಗಿಲ್ಲವೆಂದು ತೋರುವುದು.

ಚೆಕ್ಕೆಂಬ ವಸ್ತುವು ನಮಗೆ ಇಂಗ್ಲಿಷರಿಂದ ಬಂದುದಾದ್ದರಿಂದ ಅವರ ದೇಶದ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರ ಲೆಕ್ಕದ ಕಚೇರಿಯಲ್ಲಿ ಒಂದು ದೊಡ್ಡ ಮೇಜಿನ ಮೇಲೆ ಚದುರಂಗದ ಹಾಸಿನಂತೆ ಚೌಕಗಳಿದ್ದ ಬಟ್ಟೆಯನ್ನು ಹರಡಿ, ಅದರ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು ಲೆಕ್ಕಹಾಕುತ್ತಿದ್ದರು. ಆ ಹಾಸಿನಿಂದಲೇ ಅಲ್ಲಿಯ ಬೊಕ್ಕಸಕ್ಕೆ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು. ಹಣ ಕಟ್ಟಿದವನಿಗೆ ರಸೀತಿಯಾಗಿ ಕೊಡುತ್ತಿದ್ದುದು ಮರದ ಕಡ್ಡಿ. ಮೊಬಲಗಿಗೆ ತಕ್ಕಂತೆ ಕಡ್ಡಿಯ ಮೇಲೆ ಗೀರುಗಳನ್ನು ಕೊಯ್ದು, ಅನಂತರ ಉದ್ದಕ್ಕೆ ಸೀಳಿ, ಒಂದು ಸೀಳನ್ನು ಹಣ ಕಟ್ಟಿದವನಿಗೆ ಕೊಟ್ಟು ಮತ್ತೊಂದನ್ನು ಬೊಕ್ಕಸದಲ್ಲಿ ಇಟ್ಟುಕೊಳ್ಳುತ್ತಿದ್ದರು. ಲೆಕ್ಕದ ದಿನ ಎರಡು ಸೀಳುಗಳನ್ನೂ ಜೋಡಿಸಿದರೆ ಗೀರುಗಳು ಕೂಡಬೇಕು. ಒಬ್ಬನು ತನ್ನ ಸೀಳಿನಲ್ಲಿ ಕಳ್ಳತನದಿಂದ ಇನ್ನೊಂದು ಗೀರು ಕೊಯ್ದರೆ ಎರಡನೆಯ ಸೀಳು ಅವನನ್ನು ಹಿಡಿದುಕೊಡುವುದು. ಈ ಕಡ್ಡಿಗಳ ಪದ್ಧತಿಯು 1826ರಲ್ಲಿ ನಿಂತಿತು. ರಾಶಿಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ನೆಯ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಕಟ್ಟಡದ ಒಲೆಗಳಲ್ಲಿ ಸುಡಲು ಹೋಗಿ ಕಟ್ಟಡವನ್ನೇ ಸುಟ್ಟುಕೊಂಡರು. ಕಡ್ಡಿ ಹೋದರೂ ಅದರ ತತ್ತ್ವವು ಉಳಿಯಿತು. ಚೆಕ್ಕಿನ ಪುಸ್ತಕದಲ್ಲಿ ಚೆಕ್ಕನ್ನು ಹರಿದುಕೊಟ್ಟ ಮೇಲೆ ಉಳಿಯುವ ಬುಡದ ಚೀಟಿಯೂ, ನಿವೃತ್ತಿವೇತನದ ಆಜ್ಞಾಪತ್ರವನ್ನು ಎರಡು ಭಾಗಮಾಡಿ ಒಂದನ್ನು ವೇತನದಾರನಿಗೂ ಇನ್ನೊಂದನ್ನು ಹಣ ಕೊಡುವ ಕಚೇರಿಗೂ ಕೊಡುತ್ತ ಬಂದ ಪದ್ಧತಿಯೂ ಆ ಸೀಳಿದ ಕಡ್ಡಿಯ ಸಂತಾನವೇ ಸರಿ.

ನಮ್ಮ ಜಿಲ್ಲಾ ಖಜಾನೆಗಳಲ್ಲಿ ಈ ತತ್ತ್ವವನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತಿದ್ದುದು ಭದ್ರಕೊಠಡಿಯ ಜೋಡಿಬೀಗ. ಎರಡು ಬೀಗಗಳೂ ಬೇರೆ ಬೇರೆ ಮಾದರಿಯವು. ಒಂದರ ಕೈ ಖಜಾನೆಯ ಅಧಿಕಾರಿಯಲ್ಲಿ, ಇನ್ನೊಂದರ ಕೈ ಖಜಾಂಚಿಯಲ್ಲಿ. ಇಬ್ಬರೂ ಎದುರಿಗೆ ನಿಂತಲ್ಲದೆ ಬಾಗಿಲು ತೆರೆಯದು. ಒಬ್ಬನು ಅಪ್ರಾಮಾಣಿಕನಾದರೂ ಹಣ ಉಳಿಯುವುದು. ಹಣ ಹೋಗಬೇಕಾದರೆ ಇಬ್ಬರೂ ಕೂಡಿ ಕೆಡಬೇಕು, ಇಲ್ಲವೇ ಒಬ್ಬನು ತನ್ನ ಕೀಲಿಕೈಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಮನೆಗೆ ಹೋಗಬೇಕು. ಸರ್ಕಾರದ ಹಣಸಲ್ಲಿಕೆಯ ನಿಯಮಗಳೆಲ್ಲವೂ ಈ ಜೋಡಿಬೀಗವನ್ನೇ ಕಾಗದದ ಮೇಲೆ ಇಳಿಸಿದ ರೂಪಗಳು. ಅಲ್ಲಿ ಕೀಲಿಕೈಯ ಸ್ಥಾನದಲ್ಲಿ ರುಜು ಇರುವುದು.

ಒಂದು ಬಿಲ್ಲಿನ ಪ್ರಯಾಣವನ್ನು ಹಿಂಬಾಲಿಸಿ ನೋಡೋಣ. ಒಂದು ಸರ್ಕಾರಿ ಪ್ರೌಢಶಾಲೆಗೆ 48,600 ರೂಪಾಯಿಯ ಬೆಂಚುಗಳು ಬಂದವೆಂದು ಭಾವಿಸಿರಿ. ಬಡಗಿಯು ತನ್ನ ಬಿಲ್ಲನ್ನು ಕೊಡುತ್ತಾನೆ. ಹಣ ಸೆಳೆಯುವ ಅಧಿಕಾರವುಳ್ಳ ಮುಖ್ಯೋಪಾಧ್ಯಾಯರು ನೋಡಬೇಕಾದುವು ಹಲವುಂಟು. ಕೊಳ್ಳುವುದಕ್ಕೆ ಮೇಲಧಿಕಾರಿಯ ಮಂಜೂರಾತಿ ಇತ್ತೇ? ಬೆಂಚುಗಳು ನಿಜವಾಗಿ ಬಂದು ದಾಸ್ತಾನು ಪುಸ್ತಕದಲ್ಲಿ ದಾಖಲಾಗಿವೆಯೇ? ದರವು ಒಪ್ಪಿಕೊಂಡ ದರವೇ? ಇದೇ ಸಾಮಾನಿಗೆ ಹಿಂದೆಯೇ ಹಣ ಕೊಟ್ಟಿಲ್ಲವಷ್ಟೆ? ಈ ಬಾಬಿನಲ್ಲಿ ಹಣ ಉಳಿದಿದೆಯೇ? ಇಷ್ಟನ್ನೂ ಕಂಡು ಅವರು ಬಿಲ್ಲಿಗೆ ರುಜು ಹಾಕುತ್ತಾರೆ. ಆ ರುಜುವಿನ ಅರ್ಥ "ಈ ಕಾಗದವನ್ನು ಓದಿದೆನು" ಎಂದಲ್ಲ. "ಇದರಲ್ಲಿ ಹೇಳಿರುವುದು ನಿಜವೆಂದು ನಾನು ಬಲ್ಲೆನು, ಸುಳ್ಳಾದರೆ ಉತ್ತರವಾದಿ ನಾನೇ" ಎಂದು. ಹಣಕಾಸಿನ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ತನ್ನ ಸ್ವಂತ ಹಣವನ್ನು ವೆಚ್ಚಮಾಡುವಾಗ ಸಾಮಾನ್ಯ ವಿವೇಕಿಯಾದವನು ಎಷ್ಟು ಎಚ್ಚರದಿಂದಿರುವನೋ ಅಷ್ಟೇ ಎಚ್ಚರವನ್ನು ಸರ್ಕಾರದ ಹಣದ ವಿಷಯದಲ್ಲಿಯೂ ಅಧಿಕಾರಿಯು ತೋರಿಸತಕ್ಕದ್ದು. ಬೆಂಚಿನ ಕಾಲು ಅಲುಗಾಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡುವುದೂ ಈ ಎಚ್ಚರದಲ್ಲಿ ಸೇರಿತು.

ಕಾಗದದ ಬಿಲ್ಲುಗಳ ಕಾಲದಲ್ಲಿ ಇನ್ನೊಂದು ಚಿಕ್ಕ ಜಾಣತನವಿತ್ತು. ಬಿಲ್ಲಿನ ಮೇಲ್ಭಾಗದಲ್ಲಿ ಅದರ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚಾದ ಒಂದು ಮೊಬಲಗನ್ನು ಅಕ್ಷರಗಳಲ್ಲಿ ಬರೆದು "ಇಷ್ಟು ರೂಪಾಯಿಗೆ ಒಳಗೆ" ಎಂದು ಅಡ್ಡಲಾಗಿ ಶರಾ ಮಾಡುತ್ತಿದ್ದರು. ಬಿಲ್ಲು ಕಚೇರಿಯಿಂದ ಖಜಾನೆಗೆ ಹೋಗುವ ದಾರಿಯಲ್ಲಿ ಯಾರಾದರೂ 48,600ರ ಹಿಂದೆ ಒಂದು ಅಂಕಿಯನ್ನು ಸೇರಿಸಿದರೆ ಆ ಶರಾವೇ ಅವರನ್ನು ಬಯಲಿಗೆಳೆಯುವುದು. ಮನೆಯ ವ್ಯವಹಾರದಲ್ಲಿಯೂ ಕೈಕಾಗದ ಬರೆಯುವವರು ಈ ಯುಕ್ತಿಯನ್ನು ಅನುಸರಿಸಬಹುದು.

ಬಿಲ್ಲು ಖಜಾನೆಗೆ ಬಂದಾಗ ತಂದವನಿಗೆ ನಂಬರು ಕೊರೆದ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು ಕುಳ್ಳಿರಿಸುತ್ತಿದ್ದರು. ಒಳಗೆ ಗುಮಾಸ್ತನು ಮುಖ್ಯೋಪಾಧ್ಯಾಯರ ರುಜುವನ್ನು ತನ್ನಲ್ಲಿರುವ ಮಾದರಿ ರುಜುವಿನೊಡನೆ ಹೋಲಿಸಿ, ಲೆಕ್ಕವನ್ನು ಮತ್ತೆ ಕೂಡಿ, ಬಾಬಿನ ಅಂಕಿಯನ್ನೂ ಉಳಿಕೆಯನ್ನೂ ಮಂಜೂರಾತಿಯ ಪತ್ರವನ್ನೂ ನೋಡಿ, ಲೆಕ್ಕಿಗನಿಗೆ ದಾಟಿಸುವನು. ಲೆಕ್ಕಿಗನು ನೋಡಿ ಖಜಾನೆಯ ಅಧಿಕಾರಿಗೆ. ಅಧಿಕಾರಿಯು ತೃಪ್ತನಾದರೆ ಬಿಲ್ಲಿನ ಮೇಲೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಹಣಸಲ್ಲಿಕೆಯ ಆಜ್ಞೆ ಬರೆದು ರುಜು ಮಾಡುವನು. ಕೆಲವು ಕಡೆ ಆ ಬಿಲ್ಲೇ ಬ್ಯಾಂಕಿಗೆ ಹೋಗಿ ಹಣವಾಗುತ್ತಿತ್ತು. ಕೆಲವು ಕಡೆ ಬಿಲ್ಲನ್ನು ಇಟ್ಟುಕೊಂಡು ಚೆಕ್ಕು ಬರೆದುಕೊಡುತ್ತಿದ್ದರು. ಸರ್ಕಾರದ ಬ್ಯಾಂಕೆಂದರೆ ರಿಸರ್ವ್ ಬ್ಯಾಂಕು. ಅದರ ಶಾಖೆ ಇಲ್ಲದ ಊರುಗಳಲ್ಲಿ ಅದರ ಪರವಾಗಿ ಬೇರೆ ಬ್ಯಾಂಕುಗಳು ಈ ಕೆಲಸವನ್ನು ಮಾಡುವುವು. 1913ರಲ್ಲಿ ಸ್ಥಾಪಿತವಾಗಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದ ಮೈಸೂರು ಬ್ಯಾಂಕಿನ ಕಟ್ಟೆಯ ಮುಂದೆ ಖಜಾನೆಯ ಹಣಕ್ಕಾಗಿ ಸಾಲುನಿಂತುದನ್ನು ನಮ್ಮ ಕಡೆಯ ಹಿರಿಯರು ಅನೇಕರು ಬಲ್ಲರು.

ಇನ್ನು ಚೆಕ್ಕು. 1881ರ ವರ್ಗಾವಣೀಯ ಪತ್ರಗಳ ಕಾನೂನಿನ ದೃಷ್ಟಿಯಲ್ಲಿ ಚೆಕ್ಕೆಂದರೆ ಗೊತ್ತಾದ ಒಂದು ಬ್ಯಾಂಕಿಗೆ, ಕೇಳಿದೊಡನೆಯೇ ಹಣ ಕೊಡೆಂದು ಬರೆದ ಆಜ್ಞೆ. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಒಂದು ಇದ್ದರೆ ಅಕ್ಷರದಲ್ಲಿರುವುದೇ ಸಲ್ಲತಕ್ಕ ಮೊಬಲಗೆಂದು ಆ ಕಾನೂನಿನ 18ನೆಯ ವಿಧಿ ಹೇಳುತ್ತದೆ. ರೂಢಿಯಲ್ಲಿ ಬ್ಯಾಂಕುಗಳು ಅಂಥ ಚೆಕ್ಕನ್ನು ಹಿಂದಕ್ಕೆ ಕಳುಹಿಸುವುದೇ ಹೆಚ್ಚು. ಎಡಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆದರೆ ಅದು ಕಟ್ಟೆಯಲ್ಲಿ ನಗದಾಗದೆ ಬ್ಯಾಂಕಿನ ಖಾತೆಯ ಮೂಲಕವೇ ಹೋಗಬೇಕು. ಸಾಧಾರಣ ಗೃಹಸ್ಥನ ಚೆಕ್ಕಿಗೂ ಸರ್ಕಾರದ ಚೆಕ್ಕಿಗೂ ಇಷ್ಟು ಸಮಾನ. ಆದರೆ ಸರ್ಕಾರದ ಚೆಕ್ಕಿನ ಪುಸ್ತಕಕ್ಕೆ ಇರುವ ಕಾವಲು ಬೇರೆ. ಪುಸ್ತಕ ಬಂದ ದಿನವೇ ಹಾಳೆಗಳನ್ನೆಲ್ಲ ಎಣಿಸಿ, ಇಷ್ಟಿವೆಯೆಂದು ಅಧಿಕಾರಿಯು ಬರೆದು ರುಜು ಹಾಕಬೇಕು. ಪುಸ್ತಕವು ಅವನ ಸ್ವಂತ ಬೀಗದಲ್ಲಿರಬೇಕು. ಬರೆದು ಕೆಟ್ಟ ಚೆಕ್ಕನ್ನು ಹರಿದೆಸೆಯದೆ ರದ್ದೆಂದು ಬರೆದು ಬುಡದ ಚೀಟಿಗೆ ಅಂಟಿಸಿಡಬೇಕು. ಅಧಿಕಾರಿಯು ವರ್ಗವಾಗಿ ಹೋಗುವಾಗ ಹೊಸಬನ ಮಾದರಿ ರುಜುವನ್ನು ಹಳಬನು ದೃಢೀಕರಿಸಿ ಬ್ಯಾಂಕಿಗೆ ಕಳುಹಿಸಬೇಕು. ಹೊಸಬನು ತಾನೇ ಹೋಗಿ "ನಾನೇ ಅಧಿಕಾರಿ" ಎಂದರೆ ಸಾಲದು.

ಇದರ ಮೇಲೆ ಇನ್ನೂ ಒಂದು ಬೀಗವುಂಟು. ಇಂಥ ನಂಬರಿನ ಚೆಕ್ಕನ್ನು ಇಂಥವರಿಗೆ ಇಷ್ಟು ರೂಪಾಯಿಗೆ ಬರೆದಿದ್ದೇವೆಂಬ ಪಟ್ಟಿಯನ್ನು ಚೆಕ್ಕು ಬರೆದ ಕಚೇರಿಯು ಬೇರೆಯಾಗಿ ಬ್ಯಾಂಕಿಗೆ ತಿಳಿಸುವುದು. ಚೆಕ್ಕು ಒಂದು ದಾರಿಯಿಂದ ಬರುತ್ತದೆ, ಪಟ್ಟಿಯು ಇನ್ನೊಂದು ದಾರಿಯಿಂದ. ಎರಡೂ ಕೂಡಿದರೆ ಹಣ. ಮತ್ತೆ ಸೀಳಿದ ಕಡ್ಡಿಯೇ! ಖಾಸಗಿ ಜನರ ದೊಡ್ಡ ಚೆಕ್ಕುಗಳಿಗೂ ಈ ರಕ್ಷಣೆಯು ದೊರೆಯಲೆಂದು ರಿಸರ್ವ್ ಬ್ಯಾಂಕು 2021ರ ಜನವರಿ 1ರಿಂದ 50,000 ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಇರುವ ಚೆಕ್ಕುಗಳ ವಿವರವನ್ನು ಬರೆದವರೇ ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವ ಅನುಕೂಲವನ್ನು ಏರ್ಪಡಿಸಿತು. ಹಣ ಹೋದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಬ್ಯಾಂಕು ಆ ದಿನದ ಸಲ್ಲಿಕೆಗಳ ಸುರುಳಿಯನ್ನು ಖಜಾನೆಗೆ ಕೊಡುವುದು. ಖಜಾನೆಯು ಲೆಕ್ಕವನ್ನು ಮಹಾಲೇಖಪಾಲರಿಗೆ ಕಳುಹಿಸುವುದು. ಇಲಾಖೆಯವರು ತಮ್ಮ ಪುಸ್ತಕವನ್ನು ಆ ಲೆಕ್ಕದೊಡನೆ ತಾಳೆನೋಡಬೇಕು. ಈ ಕೊನೆಯ ತಾಳೆನೋಟವೇ ಎಲ್ಲಕ್ಕಿಂತ ನೀರಸವಾದ ಕೆಲಸ. ಆದಕಾರಣ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದೂ ಅದೇ.

ಬಿಟ್ಟುಹೋದರೆ ಏನಾಗುವುದೆಂಬುದಕ್ಕೆ ದೊಡ್ಡ ನಿದರ್ಶನವು ಚಾಯಿಬಾಸಾ ಎಂಬ ಊರಿನ ಖಜಾನೆ. ಆ ಊರು ಈಗ ಜಾರ್ಖಂಡಿನಲ್ಲಿದೆ. 2000ನೆಯ ಇಸವಿಯವರೆಗೆ ಬಿಹಾರಕ್ಕೆ ಸೇರಿತ್ತು. ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯ ಡೆಪ್ಯುಟಿ ಕಮಿಷನರಾಗಿದ್ದ ಅಮಿತ್ ಖರೆಯವರು, ಪಶುಸಂಗೋಪನೆಯ ಇಲಾಖೆಯು ಖಜಾನೆಯಿಂದ ಸೆಳೆಯುತ್ತಿದ್ದ ಹಣವು ಮಿತಿಮೀರಿದುದನ್ನು ಕಂಡು, 1996ನೆಯ ಜನವರಿ 27ರಂದು ಆ ಇಲಾಖೆಯ ಕಚೇರಿಗಳನ್ನು ಶೋಧಿಸಿದರು. ಸುಳ್ಳು ಬಿಲ್ಲುಗಳೂ ಸುಳ್ಳು ಹಂಚಿಕೆಯ ಪತ್ರಗಳೂ ಹೊರಬಿದ್ದವು. ದನಗಳಿಗೆ ಕೊಡದ ಮೇವಿಗೆ, ಬಾರದ ಔಷಧಿಗೆ, ಇಲ್ಲದ ಪಶುಗಳ ಸಾಗಾಣಿಕೆಗೆ ವರ್ಷಗಟ್ಟಲೆ ಹಣ ಹೋಗಿತ್ತು. ಸಾಗಾಣಿಕೆಯ ಬಿಲ್ಲುಗಳಲ್ಲಿ ಲಾರಿಯದೆಂದು ಬರೆದಿದ್ದ ನಂಬರುಗಳಲ್ಲಿ ಕೆಲವನ್ನು ವಿಚಾರಿಸಿದಾಗ ಅವು ಸ್ಕೂಟರುಗಳ ನಂಬರುಗಳಾಗಿದ್ದವು. ಸ್ಕೂಟರಿನ ಹಿಂಬದಿಯಲ್ಲಿ ಎಮ್ಮೆಯನ್ನು ಕುಳ್ಳಿರಿಸಿ ಊರೂರು ಸುತ್ತಿದರೆಂದು ನಂಬಬೇಕಾದರೆ ಸರಿ! 1992-93ಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆಯ ಲೆಕ್ಕವನ್ನೇ ನೋಡಿರಿ: ಮಂಜೂರಾಗಿದ್ದುದು 7 ಲಕ್ಷ 10 ಸಾವಿರ ರೂಪಾಯಿ, ಚಾಯಿಬಾಸಾ ಖಜಾನೆಯಿಂದ ಹೊರಬಿದ್ದುದು 33 ಕೋಟಿ 67 ಲಕ್ಷ. ಸುಮಾರು 470 ಪಟ್ಟು. ರಾಂಚಿ, ದುಮ್ಕಾ, ದೇವಘರ ಮೊದಲಾದ ಇತರ ಖಜಾನೆಗಳನ್ನೂ ಸೇರಿಸಿದರೆ ಒಟ್ಟು ನಷ್ಟವು ಸುಮಾರು 950 ಕೋಟಿಯೆಂದು ಎಣಿಕೆ. 2013ರ ಮತ್ತು 2018ರ ತೀರ್ಪುಗಳಲ್ಲಿ ವಿಚಾರಣಾ ನ್ಯಾಯಾಲಯವು ಅಧಿಕಾರಿಗಳು ಮತ್ತು ಸರಬರಾಜುಗಾರರೊಡನೆ ಇಬ್ಬರು ಮಾಜಿ ಮುಖ್ಯಮಂತ್ರಿಗಳನ್ನೂ ಅಪರಾಧಿಗಳೆಂದು ನಿರ್ಣಯಿಸಿತು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಬಿಲ್ಲುಗಳಿಗೆ ಯಾವ ರುಜುವೂ ಕಡಮೆಯಿರಲಿಲ್ಲ. ಇಲಾಖೆಯ ಅಧಿಕಾರಿಯ ರುಜು ಇತ್ತು, ಖಜಾನೆಯ ರುಜು ಇತ್ತು, ಸರಬರಾಜುಗಾರನ ರಸೀತಿಯೂ ಇತ್ತು. ಪಶುಸಂಗೋಪನೆಯ 2403ನೆಯ ಬಾಬಿನಲ್ಲಿ ಹಣವೆಷ್ಟು ಉಳಿದಿದೆಯೆಂಬ ಒಂದೇ ಪ್ರಶ್ನೆಯನ್ನು ಯಾರಾದರೊಬ್ಬರು ಹಟಹಿಡಿದು ಕೇಳಿದ್ದರೆ ಸಾಕಾಗುತ್ತಿತ್ತು. ಬಿಹಾರದ ಖಜಾನೆಗಳಿಂದ ತಿಂಗಳ ಲೆಕ್ಕಗಳು ಸಕಾಲದಲ್ಲಿ ಬರುತ್ತಿಲ್ಲವೆಂದು ಭಾರತದ ಮಹಾಲೆಕ್ಕಪರಿಶೋಧಕರಾಗಿದ್ದ ಟಿ. ಎನ್. ಚತುರ್ವೇದಿಯವರು 1985ರಲ್ಲಿಯೇ ಎಚ್ಚರಿಸಿದ್ದರು. ಹನ್ನೊಂದು ವರ್ಷ ಆ ಎಚ್ಚರಿಕೆಯು ಕಾಗದದಲ್ಲಿಯೇ ಉಳಿಯಿತು. ಎಲ್ಲರೂ ಕೂಡಿ ಕಳ್ಳರಾಗಿದ್ದರೆಂದು ನಾನು ಹೇಳಲಾರೆ. ಮುಂದಿನವನು ನೋಡಿಕೊಳ್ಳುವನೆಂದು ಹಿಂದಿನವನೂ, ಹಿಂದಿನವನು ನೋಡಿರುವನೆಂದು ಮುಂದಿನವನೂ ರುಜು ಹಾಕುವ ಅಭ್ಯಾಸವು ಕಚೇರಿಗಳಲ್ಲಿ ಉಂಟು. ಅಂಥ ಕಡೆ ಕಳ್ಳರು ನಾಲ್ವರಿದ್ದರೂ ಸಾಕು. ಐದು ರುಜುಗಳಿರುವ ಕಾಗದದಲ್ಲಿ ಒಬ್ಬರೂ ಓದದೆ ಹೋಗುವ ಸಂಭವವು ಒಂದೇ ರುಜು ಇರುವ ಕಾಗದಕ್ಕಿಂತ ಹೆಚ್ಚೆಂದು ನನ್ನ ಅಭಿಪ್ರಾಯ. ಒಬ್ಬನೇ ಉತ್ತರವಾದಿಯಾದಾಗ ಅವನು ಭಯದಿಂದಲಾದರೂ ಓದುವನು.

ಇಂಥ ಕುರುಡು ರುಜುಗಳ ಸುಗ್ಗಿಯ ಕಾಲವು ಮಾರ್ಚ್ ತಿಂಗಳ ಕೊನೆಯ ವಾರ. ಮಂಜೂರಾದ ಹಣವು ಮಾರ್ಚ್ 31ರೊಳಗೆ ವೆಚ್ಚವಾಗದಿದ್ದರೆ ಆ ಅಪ್ಪಣೆಯು ತೀರಿಹೋಗುತ್ತದೆ. ಆದುದರಿಂದ ವರ್ಷವೆಲ್ಲ ನಿದ್ರಿಸಿದ್ದ ಬಿಲ್ಲುಗಳು ಒಟ್ಟಿಗೆ ಎದ್ದು ಖಜಾನೆಗೆ ಓಡುವುವು. ತತ್‌ಕ್ಷಣದ ಬಟವಾಡೆಗೆ ಬೇಕಾದಲ್ಲದೆ ಖಜಾನೆಯಿಂದ ಹಣ ಸೆಳೆಯಬಾರದೆಂದು ನಿಯಮವು ಸ್ಪಷ್ಟವಾಗಿದ್ದರೂ, ಹಣವನ್ನು ಸೆಳೆದು ಯಾವುದಾದರೊಂದು ಬ್ಯಾಂಕಿನ ಖಾತೆಯಲ್ಲಿ ಇಟ್ಟರೆ ವೆಚ್ಚವಾದಂತೆಯೇ ತೋರುವುದು. ಹಾಗೆ ಖಜಾನೆಯ ಹೊರಗೆ ಹೋಗಿ ನಿಂತ ಹಣಕ್ಕೆ ಮೇಲೆ ವಿವರಿಸಿದ ಬೀಗಗಳಲ್ಲಿ ಅರ್ಧದಷ್ಟು ಇಲ್ಲ. 2024ರಲ್ಲಿ ಕರ್ನಾಟಕದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಬ್ಯಾಂಕಿನ ಖಾತೆಯಿಂದ ಸುಮಾರು 90 ಕೋಟಿ ರೂಪಾಯಿ ಅನಧಿಕೃತವಾಗಿ ಬೇರೆ ಖಾತೆಗಳಿಗೆ ಹೋದ ಸಂಗತಿಯು ನಮ್ಮ ವಾಚಕರ ನೆನಪಿನಲ್ಲಿದ್ದೀತು. ತಪ್ಪು ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದು ಬಡ ಪಂಗಡಗಳ ಏಳಿಗೆಗಾಗಿ ಮೀಸಲಾಗಿದ್ದ ಹಣವೆಂಬುದನ್ನೂ, ಅದು ಇದ್ದುದು ಖಜಾನೆಯಲ್ಲಲ್ಲ, ಬ್ಯಾಂಕಿನ ಖಾತೆಯಲ್ಲಿ ಎಂಬುದನ್ನೂ ಮಾತ್ರ ಇಲ್ಲಿ ಹೇಳಬೇಕು.

ಈಗ ಕಾಗದದ ಬಿಲ್ಲೂ ಹಿತ್ತಾಳೆಯ ಬಿಲ್ಲೆಯೂ ಬಹುಮಟ್ಟಿಗೆ ಹಿಂದಿನ ಮಾತಾದವು. ಕರ್ನಾಟಕದ ಖಜಾನೆಗಳು ಈ ಶತಮಾನದ ಮೊದಲ ವರ್ಷಗಳಲ್ಲಿ 'ಖಜಾನೆ' ಎಂಬ ಹೆಸರಿನ ಯೋಜನೆಯಿಂದ ಗಣಕಯಂತ್ರಕ್ಕೆ ಒಳಪಟ್ಟವು. ಮುಂದಿನ ದಶಕದಲ್ಲಿ ಅದರ ಎರಡನೆಯ ಹಂತವು ಬಂದಿತು. ಬಿಲ್ಲನ್ನು ಯಂತ್ರದಲ್ಲಿಯೇ ಬರೆದು, ಅಧಿಕಾರಿಯು ವಿದ್ಯುನ್ಮಾನ ರುಜು ಹಾಕಿ ಖಜಾನೆಗೆ ಕಳುಹಿಸಿದರೆ, ಅಲ್ಲಿ ತನಿಖೆಯಾಗಿ ಹಣವು ರಿಸರ್ವ್ ಬ್ಯಾಂಕಿನ ಮೂಲಕ ಪಡೆಯತಕ್ಕವರ ಖಾತೆಗೆ ನೇರವಾಗಿ ಸೇರುತ್ತದೆ. ಬಾಬಿನಲ್ಲಿ ಹಣವಿಲ್ಲದಿದ್ದರೆ ಯಂತ್ರವು ಬಿಲ್ಲನ್ನು ಒಪ್ಪುವುದೇ ಇಲ್ಲ. ಯಾರ ಮುಖವನ್ನೂ ನೋಡದೆ, ಯಾರ ಶಿಫಾರಸಿಗೂ ಕಿವಿಗೊಡದೆ ಅದು ಉಳಿಕೆಯನ್ನು ಲೆಕ್ಕಹಾಕುತ್ತದೆ. ಚಾಯಿಬಾಸಾದಲ್ಲಿ ಇಂಥ ಯಂತ್ರವೊಂದಿದ್ದರೆ 7 ಲಕ್ಷವು 33 ಕೋಟಿಯಾಗುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಬೆಂಚುಗಳು ನಿಜವಾಗಿ ಬಂದುವೇ ಎಂಬುದನ್ನು ಯಂತ್ರವು ಎದ್ದುಹೋಗಿ ನೋಡಲಾರದು. ವಿದ್ಯುನ್ಮಾನ ರುಜುವೆಂಬುದು ಬೆರಳುದ್ದದ ಒಂದು ಕೀಲಿಯಲ್ಲಿಯೂ ಅದರ ಗುಪ್ತಪದದಲ್ಲಿಯೂ ಅಡಗಿರುವ ವಸ್ತು. ಕೆಲಸದ ಒತ್ತಡದಲ್ಲಿ ಅಧಿಕಾರಿಯು ಆ ಕೀಲಿಯನ್ನು ಗಣಕಯಂತ್ರದ ಸಹಾಯಕನ ಮೇಜಿನ ಮೇಲೆ ಬಿಟ್ಟು, ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಸಭೆಗೆ ಹೋದನೆಂದರೆ, ಜೋಡಿಬೀಗದ ಒಂದು ಕೈಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಮನೆಗೆ ಹೋದಂತೆಯೇ ಆಯಿತು. ಹಿಂದೆ ಗ್ರಾಮ ಪಂಚಾಯತಿಗಳಲ್ಲಿ ಅಧ್ಯಕ್ಷರ ರುಜುವನ್ನು ಖಾಲಿ ಚೆಕ್ಕುಗಳ ಮೇಲೆ ಒಟ್ಟಿಗೆ ಹಾಕಿಸಿಟ್ಟುಕೊಳ್ಳುವ ಕೆಟ್ಟ ಪದ್ಧತಿಯ ಬಗೆಗೆ ದೂರುಗಳಿದ್ದುವು. ಹೊಸದಾಗಿ ಆರಿಸಿಬಂದ ಹೆಣ್ಣುಮಗಳಿಗೆ "ಅಮ್ಮಾ, ಇಲ್ಲಿ ಒಂದು ರುಜು ಹಾಕಿಬಿಡಿ" ಎಂದು ಪುಸ್ತಕವನ್ನು ಮುಂದಿಡುವುದು ಕಷ್ಟದ ಕೆಲಸವಲ್ಲ. ನಮ್ಮ ವಾಚಕಿಯರಲ್ಲಿ ಪಂಚಾಯತಿಗೋ ಸ್ತ್ರೀಸಂಘಕ್ಕೋ ಸಹಕಾರ ಸಂಘಕ್ಕೋ ರುಜುದಾರರಾಗಿರುವವರು ಈಗ ಸಾವಿರಗಟ್ಟಲೆ ಇದ್ದಾರೆ. ಹೆಸರು, ಮೊಬಲಗು, ದಿನಾಂಕ ಮೂರೂ ಬರೆದಿರದ ಚೆಕ್ಕಿಗೆ ರುಜು ಹಾಕುವುದಿಲ್ಲವೆಂದು ಹೇಳುವುದು ಅವರ ಹಕ್ಕು. ಅದನ್ನು ಅವಿಶ್ವಾಸವೆಂದು ತಿಳಿದು ಯಾರಾದರೂ ಕೋಪಗೊಂಡರೆ ಅಂಥವರ ವಿಷಯದಲ್ಲಿ ಇನ್ನಷ್ಟು ಜಾಗರೂಕರಾಗಿರಬೇಕು.

ಇನ್ನು ತಡದ ವಿಷಯ. ಗಂಡನು ತೀರಿಕೊಂಡ ಮೇಲೆ ಕುಟುಂಬವೇತನಕ್ಕಾಗಿ ಬರುವ ಹೆಂಗಸಿನಿಂದ ಮರಣಪತ್ರವನ್ನೂ, ಗಂಡನ ನಿವೃತ್ತಿವೇತನದ ಆಜ್ಞಾಪತ್ರವನ್ನೂ, ತಾನೇ ಅದರಲ್ಲಿ ನಮೂದಾದ ಹೆಂಡತಿಯೆಂಬುದಕ್ಕೆ ಆಧಾರವನ್ನೂ ಕೇಳುವುದು ನ್ಯಾಯವಾದುದು. ಇಲ್ಲವಾದರೆ ಅವಳ ಹಣವನ್ನು ಇನ್ನೊಬ್ಬಳು ಪಡೆದಾಳು. ಆಜ್ಞಾಪತ್ರದಲ್ಲಿ ಲಕ್ಷ್ಮಮ್ಮ, ಆಧಾರ್ ಚೀಟಿಯಲ್ಲಿ ಲಕ್ಷ್ಮೀದೇವಿ, ಬ್ಯಾಂಕಿನಲ್ಲಿ ಲಕ್ಷ್ಮಮ್ಮ ಆರ್. ಎಂದಿದ್ದರೆ ಗುಮಾಸ್ತನು ತಡೆಯುವುದು ಅವನ ಕರ್ತವ್ಯವೇ. ಆದರೆ ಸೋಮವಾರ ಒಂದು ಕೊರತೆಯನ್ನು ಹೇಳಿ, ಅದನ್ನು ತಂದ ಗುರುವಾರ ಇನ್ನೊಂದನ್ನು ಹೇಳುವುದಕ್ಕೆ ಯಾವ ನಿಯಮದ ಆಧಾರವೂ ಇಲ್ಲ. ಕೊರತೆಗಳನ್ನೆಲ್ಲ ಒಮ್ಮೆಗೇ ಬರೆದುಕೊಡಿರೆಂದು ಕೇಳತಕ್ಕದ್ದು. ಬರವಣಿಗೆಯಲ್ಲಿ ಕೇಳಿದೊಡನೆ ಅನೇಕ ಕೊರತೆಗಳು ತಾವಾಗಿಯೇ ಮಾಯವಾಗುವುದನ್ನು ಕಂಡಿದ್ದೇನೆ. ಮನೆಯಲ್ಲಿ ನಿವೃತ್ತಿವೇತನ ಪಡೆಯುವ ಹಿರಿಯರಿದ್ದರೆ, ಅವರು ಸುಖವಾಗಿರುವಾಗಲೇ ಈ ಮೂರು ಕಡೆಯ ಹೆಸರುಗಳನ್ನು ಒಂದುಗೂಡಿಸಿ ಇಡುವುದು ಮೇಲು. ದುಃಖದ ದಿನಗಳಲ್ಲಿ ಕಚೇರಿ ಅಲೆಯುವ ಶಕ್ತಿ ಯಾರಿಗೂ ಇರುವುದಿಲ್ಲ. ನವೆಂಬರಿನಲ್ಲಿ ಕೊಡತಕ್ಕ ಜೀವಿತಪತ್ರವನ್ನು, 2014ರಲ್ಲಿ ಆರಂಭವಾದ 'ಜೀವನ ಪ್ರಮಾಣ'ದ ಮೂಲಕ ಬೆರಳಚ್ಚು ಕೊಟ್ಟು ಸಲ್ಲಿಸಬಹುದು. ಅದಾಗದವರು ಮೊದಲಿನಂತೆ ಬ್ಯಾಂಕಿನಲ್ಲಿ ಕಾಗದದ ಪತ್ರವನ್ನೇ ಕೊಡಬಹುದು.

ಚೆಕ್ಕೇ ಕೈಗೆ ಬಂದರೆ, ಪೆಟ್ಟಿಗೆಯಲ್ಲಿ ಇಟ್ಟು ಮರೆಯಬಾರದು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯವು ಅದರ ಮೇಲಿನ ದಿನಾಂಕದಿಂದ ಮೂರೇ ತಿಂಗಳು. ಹಿಂದಿನ ಆರು ತಿಂಗಳ ಲೆಕ್ಕವು ಈಗ ಸಲ್ಲದು. ಹೆಸರಿನಲ್ಲಿ ತಪ್ಪಿದ್ದರೆ ತಿದ್ದಿಸಿಕೊಂಡು ರುಜು ಹಾಕಿಸಿಕೊಳ್ಳುವುದೂ ಈಗ ನಡೆಯುವುದಿಲ್ಲ. ಚೆಕ್ಕಿನ ಚಿತ್ರವನ್ನೇ ನೋಡಿ ಹಣ ಕೊಡುವ ಪದ್ಧತಿಯಲ್ಲಿ ದಿನಾಂಕದ ಹೊರತು ಬೇರೆ ತಿದ್ದುಪಡಿಯಿರುವ ಚೆಕ್ಕನ್ನು ಒಪ್ಪಬಾರದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಹೊಸ ಚೆಕ್ಕನ್ನೇ ಕೇಳಬೇಕು. ಅವಧಿ ಮೀರಿದರೆ ಹಳೆಯದನ್ನು ಹಿಂದಕ್ಕೆ ಕೊಟ್ಟು, ಅದನ್ನು ರದ್ದುಪಡಿಸಿದ ಮೇಲೆ ಹೊಸದನ್ನು ಪಡೆಯಬಹುದು. ಕಳೆದುಹೋದರೆ ದಾರಿ ಇನ್ನೂ ಉದ್ದ. ಕಚೇರಿಯು ಮೊದಲು ಆ ನಂಬರಿನ ಚೆಕ್ಕಿಗೆ ಹಣ ಕೊಡಬೇಡಿರೆಂದು ಬ್ಯಾಂಕಿಗೆ ಬರೆಯುವುದು. ಈವರೆಗೆ ಹಣ ಸಂದಿಲ್ಲ, ಇನ್ನು ಮುಂದೆಯೂ ಸಲ್ಲಿಸುವುದಿಲ್ಲವೆಂದು ಬ್ಯಾಂಕಿನಿಂದ ಉತ್ತರ ಬರಬೇಕು. ಚೆಕ್ಕು ಪಡೆಯತಕ್ಕವರು ನಷ್ಟವಾದರೆ ತುಂಬಿಕೊಡುವೆವೆಂದು ಮುಚ್ಚಳಿಕೆ ಬರೆದುಕೊಡಬೇಕು. ಬ್ಯಾಂಕಿನ ಆ ಉತ್ತರವು ಕಡತದಲ್ಲಿ ಸೇರುವವರೆಗೆ ಎರಡನೆಯ ಚೆಕ್ಕನ್ನು ಬರೆಯುವಂತಿಲ್ಲ. ಆದುದರಿಂದ ಚೆಕ್ಕು ಕೈಸೇರಿದ ದಿನವೇ ಅದರ ನಂಬರು, ದಿನಾಂಕ, ಬರೆದ ಕಚೇರಿಯ ಹೆಸರು ಇವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಗುರುತುಹಾಕಿಡಬೇಕು. ಕಳೆದುದು ತಿಳಿದ ದಿನವೇ ಆ ವಿವರಗಳೊಡನೆ ಬರೆದುಕೊಟ್ಟು, ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳಬೇಕು.